ಸುಳ್ಯದ ಬಸ್ಸು ಹತ್ತಿದ ಮಾತು

ಮೊನ್ನೆ ಕಡಬದಲ್ಲಿ ಮೊಮ್ಮಗಳ ಶಾಲೆಯ ಹೆತ್ತವರ ಸಭೆಗೆ ಹೋಗಿದ್ದೆ. ಮೇಷ್ಟ್ರು ಒದ್ದೆ ಬಟ್ಟೆಯಲ್ಲಿ ಬೋರ್ಡು ಒರೆಸಿದರು. ಸೀಮೆಸುಣ್ಣದ ಆ ಹಸಿ ವಾಸನೆಗೆ ಪುತ್ತೂರಿನ ಶಾಲೆಯ ನಮ್ಮ ಕನ್ನಡ ಪಂಡಿತರು ನೆನಪಾದರು. ಅವರ ಮೇಲೆ ನನಗೆ ಗೌರವವಿಲ್ಲ, ಸತ್ತರೆಂದು ಕೇಳಿದಾಗಲೂ ಹುಟ್ಟಲಿಲ್ಲ.

ಐವತ್ತರ ದಶಕದ ಕೊನೆ. ಊರೆಲ್ಲ ಅವರ ನಾಲಗೆಯನ್ನು ಹೊಗಳುತ್ತಿತ್ತು. ಪಾಠ ಚೆನ್ನಾಗಿಯೇ ಮಾಡುತ್ತಿದ್ದರು, ಅದನ್ನು ಒಪ್ಪುತ್ತೇನೆ. ಸೂಕ್ತಿಗೆ ಹೇಳಿದವನ ಹೆಸರುಂಟು, ಗಾದೆಗಿಲ್ಲ. ಚಟಾಕಿ ಯಾರ ಮೇಲೆ ಹಾರಿತೋ ಅವನೂ ನಗಬೇಕು. ನಗದಿದ್ದರೆ ಅದು ಕೊಂಕು. ಇದೆಲ್ಲ ಅವರೇ ಕಲಿಸಿದ್ದು.

ತಡವಾಗಿ ಶಾಲೆಗೆ ಸೇರಿದ ಅಕ್ಕ ನನ್ನದೇ ತರಗತಿಯಲ್ಲಿದ್ದಳು. ಟೀಚರಾಗಬೇಕೆಂದು ಹಟ ಹಿಡಿದು ಸುಳ್ಯದ ಕಡೆಯಿಂದ ದಿನಾ ನನ್ನ ಜೊತೆ ಬಸ್ಸಿನಲ್ಲಿ ಬರುತ್ತಿದ್ದವಳು. ಒಂದು ದಿನ ಪಂಡಿತರು ಗಾದೆಗೂ ಸೂಕ್ತಿಗೂ ಏನು ವ್ಯತ್ಯಾಸವೆಂದು ಅವಳನ್ನು ಕೇಳಿದರು. ಅವಸರದಲ್ಲಿ ಮನೆಯ ಅರೆಭಾಷೆಯೇ, ನಮ್ಮ ಸುಳ್ಯ ಕಡೆಯ ಆಡುಗನ್ನಡವೇ, ಬಾಯಿಗೆ ಬಂತು.

"ಸೂಕ್ತಿಗೆ ಹೇಳ್ದವ್ನ ಹೆಸ್ರುಟ್ಟು, ಗಾದೆಗೆ ಇಲ್ಲೆ."

ಉತ್ತರ ಸರಿಯಿತ್ತು. ಪಂಡಿತರು ನಮ್ಮೆಲ್ಲರ ಕಡೆ ತಿರುಗಿ, "ಇವಳು ಬಾಯಿ ತೆರೆದರೆ ಕನ್ನಡ ಸುಳ್ಯದ ಬಸ್ಸು ಹತ್ತಿ ಓಡಿಹೋಗ್ತದೆ" ಎಂದರು. ತರಗತಿ ಬಿದ್ದು ಬಿದ್ದು ನಕ್ಕಿತು...

ಆ ಮಾತು ಸಂಜೆಯ ಬಸ್ಸಿಗೂ ಬಂತು. ಅಕ್ಕ ಹತ್ತಿದರೆ ಸಾಕು, "ಕನ್ನಡ ಓಡಿತಾ?" ಎಂದು ಕಂಡಕ್ಟರ್ ಕೇಳುತ್ತಿದ್ದ. ವಾರದೊಳಗೆ ಅವಳು ಶಾಲೆ ಬಿಟ್ಟಳು. ಅಪ್ಪ ನನ್ನನ್ನೂ ಕರೆದುಕೊಂಡು ಪಂಡಿತರ ಮನೆಗೆ ಹೋದರು.

"ಎಂತ ಮಾರಾಯ್ರೆ, ಒಂದು ಚಟಾಕಿಗೆ ಶಾಲೆ ಬಿಡುದಾ?" ಎಂದು ಪಂಡಿತರು ನಕ್ಕರು.

"ನನ್ನ ಮಗಳು ನಗಾಡ್ಲಿಲ್ಲ ಪಂಡಿತ್ರೆ."

ಅವರು ಎಲೆಯಡಿಕೆಯ ತಟ್ಟೆ ಮುಂದೆ ತಳ್ಳಿದರು, ತಪ್ಪಾಯಿತು ಎನ್ನಲಿಲ್ಲ. ಅಪ್ಪ ತಟ್ಟೆ ಮುಟ್ಟದೆ ಎದ್ದು ಬಂದರು.

ಆಮೇಲೆ ಅಕ್ಕ ಹೊರಗಿನವರ ಮುಂದೆ ಬಾಯಿ ತೆರೆಯಲೇ ಇಲ್ಲ. ಅಂಗಡಿಯಲ್ಲಿ, ಬ್ಯಾಂಕಿನಲ್ಲಿ ಅವಳ ಪರವಾಗಿ ನಾನೇ ಮಾತಾಡುತ್ತಿದ್ದೆ. ಕೊನೆಗಾಲದಲ್ಲಿ ನೋವೆಲ್ಲಿ ಎಂದು ಡಾಕ್ಟರು ಕೇಳಿದಾಗಲೂ ನನ್ನ ಮುಖ ನೋಡಿದಳು. ನನಗೆ ಹೇಗೆ ಗೊತ್ತಾಗಬೇಕು...

ಮೊನ್ನೆಯ ಸಭೆಯಲ್ಲಿ ಸ್ವಾಗತ ಹೇಳಲು ನಿಂತ ಪುಟ್ಟ ಹುಡುಗಿ ತಡವರಿಸಿದಳು. ಮೇಷ್ಟ್ರು ನಗುತ್ತ ಅದೇ ಬಸ್ಸಿನ ಮಾತು ಹೇಳಿದರು. ನಾನು ಎದ್ದು ನಿಂತೆ. ಇದು ಯಾರ ಮಾತು ಎಂದು ಕೇಳಿದೆ.

"ಯಾರದ್ದೂ ಅಲ್ಲ ಅಮ್ಮ, ನಮ್ಮ ಕಡೆಯ ಹಳೇ ಗಾದೆ."

"ಗಾದೆ ಅಲ್ಲ. ಹೇಳ್ದವ್ನ ಹೆಸ್ರುಟ್ಟು" ಎಂದೆ. ಎಲ್ಲರಿಗೂ ಕೇಳುವಂತೆ ಪಂಡಿತರ ಹೆಸರನ್ನೂ ಹೇಳಿದೆ. ಕೇಳಬೇಕಾದವಳು ಇರಲಿಲ್ಲ.