ಕಾಕು ಅವರ ಮೊಣಕೈ ಮತ್ತು ನನ್ನ ರಬ್ಬರ್ ಪೋಷಾಕು

ಕಾಕು ಅವರ ಎಡ ಮೊಣಕೈ ಅವರ ಉಳಿದ ದೇಹಕ್ಕಿಂತ ಮೂವತ್ತು ವರ್ಷ ಚಿಕ್ಕದಾಗಿತ್ತು. ಮುಖ ಸುಕ್ಕುಗಟ್ಟಿತ್ತು, ಬೆರಳುಗಳು ಸೊಟ್ಟಗಾಗಿದ್ದವು. ಮೊಣಕೈ ಮಾತ್ರ ಹುಣಸೆಬೀಜದಂತೆ ಮಿಂಚುತ್ತಿತ್ತು. ಸಂಬಂಧದಲ್ಲಿ ನನಗೆ ಅವರು ಏನೂ ಅಲ್ಲ, ಪೇಟೆಗೆಲ್ಲ ಕಾಕು, ಅಂದರೆ ಚಿಕ್ಕಮ್ಮ. ಪುಣೆಯ ನಮ್ಮ ಓಣಿಯ ಕನ್ನಡ ಮನೆಗಳ ಕೂಸುಗಳಿಗೆ ಎಣ್ಣೆ ತಿಕ್ಕಿ ಎರೆಯುವುದು ಅವರ ಕಸುಬು. ಬಕೆಟ್ಟಿಗೆ ಮೊದಲು ಇಳಿಯುತ್ತಿದ್ದುದು ಆ ಮೊಣಕೈ. ಅದು ಒಪ್ಪದೆ ಯಾವ ಕೂಸಿನ ಮೈಗೂ ನೀರು ಬಿದ್ದದ್ದಿಲ್ಲ. ನನ್ನ ಮಗಳೂ ಆ ನ್ಯಾಯಾಲಯದ ಮುಂದೆ ಹಾಜರಾದವಳೇ.

ಎರೆದು ಸುತ್ತಿದ ಮೇಲೆ ಕೂಸಿನ ಕುತ್ತಿಗೆಯ ಹಿಂದೆ ಎರಡು ಬೆರಳಿಟ್ಟು ನೋಡುತ್ತಿದ್ದರು. "ಕೈಕಾಲು ಸುಳ್ಳು ಹೇಳ್ತಾವ, ಹೆಡಕು ಹೇಳೂದಿಲ್ಲ." ಅಳುವಿಗೆ ಮಾತ್ರ ಅಂಜುತ್ತಿರಲಿಲ್ಲ. "ಅಳ್ಳಿ ಬಿಡವಾ. ಅಳೂದು ನಿಂತ್ರ ನನಗ ಹೇಳು."

ನಾನು ಬ್ಯಾಂಕಿನಿಂದ ನಿವೃತ್ತನಾದ ವರ್ಷ ಮಗಳು ನನ್ನನ್ನು ಕೊಂಕಣದ ಕಡಲತೀರದ ಸರ್ಫಿಂಗ್ ತರಗತಿಗೆ ಸೇರಿಸಿದಳು. ಮೂವತ್ತೈದು ವರ್ಷ ಕುರ್ಚಿಯಿಂದ ಬೀಳದವನು ಅಲೆಯ ಮೇಲಿನ ಹಲಗೆಯಿಂದ ಬಿದ್ದಾನೆಯೆ? ಚಿಂತೆ ಇದ್ದದ್ದು ಉಡುಪಿನದು. ಡಿಸೆಂಬರ್ ತಿಂಗಳು. ಸ್ವೆಟರಿನ ಮೇಲೆ ಶಾಲು ಹೊದ್ದು ಕುಳಿತು, ಗಂಭೀರ ಪರಿಶೀಲನೆಯ ನಂತರ, ಮೈತುಂಬ ಮುಚ್ಚುವ ದಪ್ಪ ರಬ್ಬರ್ ಪೋಷಾಕೊಂದನ್ನು ತರಿಸಿದೆ.

"ಅಪ್ಪಾ, ಅಲ್ಲಿ ನೀರು ಇಪ್ಪತ್ತೇಳು ಡಿಗ್ರಿ ಅದ," ಮಗಳು ಫೋನ್ ತೋರಿಸಿದಳು. "ತೆಳ್ಳನ ಅಂಗಿ, ಚಡ್ಡಿ ಸಾಕು."

"ಥಂಡಿ ಅಂದ್ರ ಥಂಡಿ," ಎಂದೆ.

ಒಮ್ಮೆಯಾದರೂ ಸಮುದ್ರ ನೋಡಬೇಕೆಂದು ಕಾಕು ನಮ್ಮ ಜೊತೆ ಹೊರಟಿದ್ದರು. ತೀರ್ಪಿಗೆ ಅವರನ್ನೇ ಕರೆದೆವು. "ಇಪ್ಪತ್ತೇಳು ಅಂದ್ರ ನನಗೇನ್ ತಿಳೀತದ? ನೀರು ತೋರಿಸ್ರಿ, ಹೇಳ್ತೀನಿ," ಎಂದು ಪ್ರಕರಣವನ್ನು ಮುಂದೂಡಿದರು.

ತೀರ ತಲುಪಿ ನಾನು ಪೋಷಾಕು ತೊಟ್ಟು ನಿಂತೊಡನೆ ಕಾಕು ಸೀರೆ ಎತ್ತಿ ಕಟ್ಟಿ, ಮಂಡಿಯೂರಿ, ಅರಬ್ಬಿ ಸಮುದ್ರಕ್ಕೆ ಮೊಣಕೈ ಅದ್ದಿದರು. "ಕೂಸಿನ ನೀರಿಗಿಂತ ಎರಡು ತಂಬಿಗಿ ತಣ್ಣೀರು ಹೆಚ್ಚು, ಅಷ್ಟ. ಇದಕ್ಕ ಇಷ್ಟ್ಯಾಕ ಸುತ್ತಗೊಂಡೀಯೋ ತಮ್ಮಾ?"

ನಾನು ತೀರ್ಪನ್ನು ತಿರಸ್ಕರಿಸಿದೆ.

ಮೊದಲ ಒಂದು ಗಂಟೆ ಮರಳಿನ ಮೇಲೇ ಪಾಠ: ಹಲಗೆಯ ಮೇಲೆ ಮಲಗುವುದು, ಥಟ್ಟನೆ ಏಳುವುದು. ಬಿಸಿಲು ಏರಿತು. ಮರಳನ್ನು ಬೈದೆ, ಶಿಕ್ಷಕರನ್ನು ಬೈದೆ, ಹಲಗೆಯನ್ನು ಬೈದೆ. ಆಮೇಲೆ ಯಾರನ್ನೂ ಬೈಯಬೇಕೆನಿಸಲಿಲ್ಲ. ಇದೇ ಶಿಸ್ತು ಎಂದುಕೊಂಡೆ. ಎಲ್ಲರೂ ನೀರಿನ ಕಡೆ ನಡೆದರು. ನಾನೂ ಹಲಗೆ ಎತ್ತಿಕೊಂಡೆ. ಕಾಲುಗಳು ಯಾರವೋ ಅನ್ನಿಸಿತು.

ಕಾಕು ಓಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಏ, ಇವನ್ನ ನೀರಿಗೆ ಬಿಡಬ್ಯಾಡ್ರಿ! ಇವ ಸುಮ್ಮನಾಗ್ಯಾನ!"

ಎರಡು ಬೆರಳು ನನ್ನ ಕಾಲರಿನೊಳಗೆ ಇಳಿದವು. "ಹೆಡಕು ಕೆಂಡ ಆಗೇದ. ಬಿಚ್ಚು ಇದನ್ನ!"

ಬೆನ್ನಿನ ಜಿಪ್ಪನ್ನು ಮಗಳು ಎಳೆದಳು. ನಾಲ್ಕು ಬೆರಳಿನಷ್ಟು ಇಳಿದು ಮರಳಿಗೆ ಸಿಕ್ಕಿ ನಿಂತಿತು. ಮೇಲೂ ಇಲ್ಲ, ಕೆಳಗೂ ಇಲ್ಲ. "ಕಾಕು, ಬರವಲ್ದು!" ಮತ್ತೆ ಎಳೆದಳು. ನಾನು ಮೊಣಕಾಲೂರಿ ಕುಸಿದಿದ್ದೆ. ಸಮುದ್ರ ಕಪ್ಪಾಗತೊಡಗಿತು. ಉಸಿರು ಅರ್ಧ ದಾರಿಗೆ ಬಂದು ವಾಪಸಾಗುತ್ತಿತ್ತು.

"ಎಳೀಬ್ಯಾಡ. ಈಕಡೆ ಸರಿ." ಕಾಕು ಚೀಲದಿಂದ ಕೊಬ್ಬರಿ ಎಣ್ಣೆಯ ಬಾಟಲಿ ತೆಗೆದರು, ಅದಿಲ್ಲದೆ ಅವರು ಹೊಸ್ತಿಲು ದಾಟಿದವರಲ್ಲ. ಜಿಪ್ಪಿನ ಹಲ್ಲಿಗೆ ಎಣ್ಣೆ ಸುರಿದು ಕೂಸಿನ ನೆತ್ತಿಗೆ ತಟ್ಟುವಂತೆ ಹೆಬ್ಬೆರಳಿನಿಂದ ತಿಕ್ಕಿದರು. ಅವಸರವೇ ಇಲ್ಲ. "ಎಣ್ಣಿ ಕುಡೀಲಿ, ತಡಿ." ಮಗಳು ಅಳುತ್ತಿದ್ದಳು. ಅವರು ತಿಕ್ಕುತ್ತಲೇ ಇದ್ದರು. ಆಮೇಲೆ ಒಂದೇ ಎಳೆತ.

ಅರವತ್ತು ವರ್ಷದ ಕೂಸನ್ನು ನೆರಳಿಗೆ ಎಳೆದು ಕೂರಿಸಿ, ತಂಬಿಗೆಯ ಮೇಲೆ ತಂಬಿಗೆ ಎರೆದರು. ಎಷ್ಟೋ ಹೊತ್ತಿನ ಮೇಲೆ ನಾನು, "ಕಣ್ಣಿಗೆ ಉಪ್ಪುನೀರು ಹೋಗ್ತದ!" ಎಂದು ಗೊಣಗಿದೆ.

"ಅಳಾಕತ್ತಾನ," ಎಂದರು ಮಗಳಿಗೆ. "ಇನ್ನ ಅಂಜಿಕಿ ಇಲ್ಲ."

ಕಳೆದ ಚಳಿಗಾಲದಲ್ಲಿ ಕಾಕು ಹಾಸಿಗೆ ಹಿಡಿದರು. ನಾನು ನೋಡಲು ಹೋದಾಗ ಮನೆಯವರು ಪ್ರೀತಿಯಿಂದ ಮೂರು ಕೌದಿ ಹೊದಿಸಿದ್ದರು. ಕಾಕು ಸುಮ್ಮನಿದ್ದರು. ಅದು ನನಗೆ ಸರಿಬರಲಿಲ್ಲ. ಕುತ್ತಿಗೆಯ ಹಿಂದೆ ಎರಡು ಬೆರಳಿಟ್ಟೆ, ಕೆಂಡ. ಎರಡು ಕೌದಿ ತೆಗೆದೆ. ಒಂದು ಕಣ್ಣು ತೆರೆಯಿತು.

"ಅಂತೂ ಕಲತಿ."

ಅದೇ ವಾರ ಹೋಗಿಬಿಟ್ಟರು.

ಈಗ ನಾನು ತೆಳ್ಳನೆಯ ಅಂಗಿ, ಚಡ್ಡಿಯಲ್ಲೇ ಸಮುದ್ರಕ್ಕೆ ಇಳಿಯುತ್ತೇನೆ. ಇಳಿಯುವ ಮೊದಲು ಮಂಡಿಯೂರಿ ಎಡ ಮೊಣಕೈ ಅದ್ದುತ್ತೇನೆ. ತರಗತಿಯವರು ಅದನ್ನು ಯಾವುದೋ ವ್ರತವೆಂದು ತಿಳಿದು ದೂರ ನಿಂತು ಕಾಯುತ್ತಾರೆ. ನಾನು ತಿದ್ದಲು ಹೋಗಿಲ್ಲ.