ಎಡಗಡೆಯ ಅಧ್ಯಕ್ಷರು

ಜೋಡಿ ನೃತ್ಯದ ಮೂಲಕ ನಾಯಕತ್ವ ಕಲಿಸೋದು ನನ್ನ ಹೊಟ್ಟೆಪಾಡು. ಒಬ್ಬರು ನಡೆಸಬೇಕು, ಇನ್ನೊಬ್ಬರು ಅವರ ಕೈಯ ಒತ್ತಡ ಅರಿತು ಹೆಜ್ಜೆ ಹಾಕಬೇಕು. ರಾವಂದೂರು ಕಡೆಯ ಒಂದು ಹಾಲಿನ ಡೇರಿಗೆ ನನ್ನನ್ನು ಕರೆಸಿದ್ದೇ ಅಲ್ಲಿನ ಅಧ್ಯಕ್ಷರೂ ಕಾರ್ಯದರ್ಶಿಯೂ ಮೂರು ತಿಂಗಳಿಂದ ಮಾತು ಬಿಟ್ಟಿದ್ದಾರೆ ಅಂತ.

ಇಬ್ಬರನ್ನೂ ಎದುರುಬದುರು ನಿಲ್ಲಿಸಿ, ಕೈಗೆ ಕೈ ಕೊಡಿಸಿ, ಹಾಡು ಹಾಕಿದೆ. ಇಬ್ಬರೂ ಒಟ್ಟಿಗೇ ಮುಂದಕ್ಕೆ ಕಾಲಿಟ್ಟರು. ಹಣೆಗೆ ಹಣೆ ಬಡಿಯಿತು.

ಹಿಂದಿನ ಬೆಂಚಿನಿಂದ ನಿಂಗಜ್ಜ ಎದ್ದು ಬಂದರು. ಹಲ್ಲು ನೋಡಿ ಎತ್ತಿನ ವಯಸ್ಸು ಹೇಳುವ, ಸುತ್ತಲ ಊರಿಗೆಲ್ಲ ಎತ್ತಿನ ಜೋಡಿ ಕೂಡಿಸಿಕೊಡುವ ಹಿರಿಯರು.

"ಎದುರುಬದುರು ನಿಲ್ಸುದ್ರೆ ಗುದ್ದಾಡ್ತವೆ ಕಣವ್ವ. ಮಕ ಒಂದೇ ಕಡೆಗಿರಬೇಕು."

ಅಧ್ಯಕ್ಷರನ್ನು ಎಡಕ್ಕೆ, ಕಾರ್ಯದರ್ಶಿಯನ್ನು ಬಲಕ್ಕೆ ನಿಲ್ಲಿಸಿ, ತಾವು ಹಿಂದೆ ನಿಂತು ನಾಲಿಗೆಯಲ್ಲಿ ಲೊಚ್ ಅಂದರು. ಇಬ್ಬರೂ ಹೆಜ್ಜೆ ಕೂಡಿಸಿ ಹಾಲಿನ ಕ್ಯಾನುಗಳನ್ನು ಸುತ್ತಿ ಬಂದರು. ತಿರುವಿನಲ್ಲಿ ಅಧ್ಯಕ್ಷರು, "ನಿದಾನ ಕಣಯ್ಯ," ಅಂದರು.

"ಆಯ್ತು ಬುಡಣ್ಣ," ಅಂದರು ಕಾರ್ಯದರ್ಶಿ.

ನನಗೆ ಹೊಟ್ಟೆಕಿಚ್ಚಾಯಿತು. "ಇದರಲ್ಲಿ ನಾಯಕ ಯಾರು ಅಜ್ಜಾ?" ಅಂತ ಕೇಳಿಯೇಬಿಟ್ಟೆ.

"ಎತ್ತಲ್ಲಿ ನಾಯಕ ಯಾವುದವ್ವ? ಇಂದ್ಗಡೆ ನಾನಿಲ್ವಾ?"

ಟೀ ಹೊತ್ತಿಗೆ ಮಿಕ್ಕ ಸದಸ್ಯರೆಲ್ಲ ಅಜ್ಜನ ಮುಂದೆ ಸಾಲು ನಿಂತು, ತಾವು ಎಡಗಡೆಯವರೋ ಬಲಗಡೆಯವರೋ ಅಂತ ಕೇಳುತ್ತಿದ್ದರು. ಲೋಟ ಇಡಲು ಹೋದ ನನ್ನನ್ನೂ ಅಜ್ಜ ಕಾಲಿಂದ ತಲೆವರೆಗೆ ನೋಡಿ, "ನೀವು ಬಲಗಡೆ ಕಣವ್ವ," ಅಂದರು.

ಬಾಯಿ ತೆರೆಸಿ ನೋಡಲಿಲ್ಲ, ಅದೇ ಪುಣ್ಯ.