ಪ್ಯಾರಿಸ್ಸಿನ ಪೋಸ್ಟರಿಗೆ ಕಿನ್ನಾಳದ ಕಣ್ಣು

ಗೆಳೆಯರೇ, ಇವತ್ತು ನಮ್ಮ ಪಡಸಾಲೆಯಲ್ಲಿ ಒಂದು ಅನಾಹುತವಾಯಿತು.

ಕನಸಿನಲ್ಲಿ ಕಂಡದ್ದನ್ನು ಕಡೆಯುವ ಸರ್ರಿಯಲಿಸ್ಟ್ ಶಿಲ್ಪಿಗಳಿದ್ದಾರಲ್ಲ, ಅವರ ಮ್ಯೂಸಿಯಂ ಪ್ರದರ್ಶನಗಳ ಪೋಸ್ಟರು ಕೂಡಿಡುವ ಹುಚ್ಚು ಇಡೀ ಕೊಪ್ಪಳದಲ್ಲಿ ನನಗೊಬ್ಬನಿಗೇ. ಹೋದ ತಿಂಗಳು ಬಂದ ಪೋಸ್ಟರ್ ಪ್ಯಾರಿಸ್ಸಿನಿಂದ ಹಡಗಿನ ಟಪಾಲಿನಲ್ಲಿ ನಿಜಾಮರ ಸೀಮೆ ಮುಟ್ಟಲು ಮೂರು ತಿಂಗಳು ಹಿಡಿಯಿತು. ಅದರಲ್ಲಿ ಒಂದು ಕಲ್ಲಿನ ಶಿಲ್ಪ: ಮೇಲೊಂದು ತೂತು, ನಡುವೆ ನುಣುಪು ಉಬ್ಬು, ಕೆಳಗೆ ಮೂರು ಮೊಂಡು ಕಾಲು.

"ಅದನ್ನ ನೋಡಿದ್ರ ಊಟ ಸೇರಂಗಿಲ್ರಿ" ಎಂದು ಹೆಂಡತಿ ದಿನಾ ಅದನ್ನು ಗೋಡೆಯತ್ತ ತಿರುವಿಡುತ್ತಿದ್ದಳು. ನಾನು ದಿನಾ ಸರಿಮಾಡುತ್ತಿದ್ದೆ.

ಇವತ್ತು ಮರದ ಗೊಂಬೆಗೆ ಹೆಸರಾದ ಕಿನ್ನಾಳದ ಚಿತ್ರಗಾರ ಈರಪ್ಪಜ್ಜ ನಮ್ಮ ಗೌರಿ ಗೊಂಬೆಗೆ ಬಣ್ಣ ಹಚ್ಚಲು ಬಂದಿದ್ದರು. ನಾನು ಒಳಗೆ ಹೋಗಿ ನೀರಿನ ತಂಬಿಗೆ ತರುವಷ್ಟರಲ್ಲಿ ಪೋಸ್ಟರಿನ ಮುಂದೆ ಕುಂಚ ಹಿಡಿದು ನಿಂತಿದ್ದರು. ಕಲ್ಲಿಗೆ ಎರಡು ದೊಡ್ಡ ಕಣ್ಣು ಮೂಡಿದ್ದವು!

"ಏನ್ ಮಾಡಿದ್ರಿ ಅಜ್ಜಾರ!"

"ಕಣ್ಣು ಬರೀದ ಗೊಂಬಿ ಮಂದಿ ಮುಂದ ಇಡಬಾರದ್ರಿ, ಮಾಸ್ತರ. ಪಾಪ, ಮಾಡಿದವರಿಗೆ ಏನು ಗಡಿಬಿಡಿ ಇತ್ತೋ. ನೀವೂ ತಲಿಕೆಳಗ ತೂಗಹಾಕೀರಿ."

ಹೌದು, ಕಣ್ಣುಗಳು ಕೆಳಗೆ, ಕಾಲುಗಳಿಗಿಂತ ತುಸುವೇ ಮೇಲಿದ್ದವು. ಸಿಟ್ಟಿನಲ್ಲೇ ಪೋಸ್ಟರನ್ನು ತಿರುಗಿಸಿ ಹಿಡಿದೆ. ಮೂರು ಕಾಲು ಕಿರೀಟವಾದವು. ತೂತು ಬಾಯಾಯಿತು, ಥೇಟ್ ದೇವಿಯ ಮುಖ.

ಹೆಂಡತಿ ಹೊರಗೆ ಬಂದು ನೋಡಿದಳು. "ಹಿಂಗಾದ್ರ ಇರಲಿ ಬಿಡ್ರಿ, ಛಲೋ ಅದಾಳ."

ಈಗ ಫ್ರೆಂಚ್ ಅಕ್ಷರಗಳೆಲ್ಲ ತಲೆಕೆಳಗಾಗಿವೆ. ನೆಟ್ಟಗಿದ್ದಾಗಲೂ ನನಗೇನು ಓದಲು ಬರುತ್ತಿರಲಿಲ್ಲ.